ಜೇನುನೊಣ: ಸತ್ತವುಗಳ ಲೆಕ್ಕವಷ್ಟೇ ಸಾಲದು

ಮಾನ್ಯ ಸಂಪಾದಕರೇ,

ಜೇನುನೊಣಗಳ ವರ್ತನೆಯ ಕುರಿತ ವಿಜ್ಞಾನ ಬರಹಗಳು ಸಾಮಾನ್ಯವಾಗಿ ಆಕ್ಟೋಪಮೈನ್, ಡೋಪಮೈನ್‌ಗಳನ್ನು ಮಿದುಳಿನ ರಾಸಾಯನಿಕಗಳೆಂದು ಪರಿಚಯಿಸಿ ಅಲ್ಲಿಗೇ ನಿಲ್ಲುತ್ತವೆ. ಇವು ನೊಣದ ಹಾರಾಟದ ಸ್ನಾಯು, ಅಂಡಾಶಯ, ಹೃದಯಗಳಲ್ಲೂ ಕೆಲಸ ಮಾಡುತ್ತವೆ ಎಂಬ ಸಂಗತಿ ಕೃಷಿಕರಿಗೂ ಜೇನು ಸಾಕಣೆದಾರರಿಗೂ ತಲುಪಬೇಕಾಗಿದೆ.

ಮರಿಗಳ ಆರೈಕೆಯಲ್ಲಿರುವ ಎಳೆಯ ನೊಣಗಳಿಗಿಂತ ಮಕರಂದ ತರಲು ಹೋಗುವ ನೊಣಗಳ ಮಿದುಳಿನಲ್ಲಿ ಆಕ್ಟೋಪಮೈನ್ ಹೆಚ್ಚಿರುತ್ತದೆ. ಎಳೆಯವಕ್ಕೆ ಅದನ್ನು ತಿನ್ನಿಸಿದರೆ ಅವೂ ಬೇಗನೆ ಮೇವಿಗೆ ಹೊರಡುತ್ತವೆ. ಇಷ್ಟು ಬಹುಮಂದಿಗೆ ಗೊತ್ತು. ಆದರೆ ಅದೇ ಆಕ್ಟೋಪಮೈನ್ ನರಗಳ ಮೂಲಕ ಎದೆಯೊಳಗಿನ ಹಾರಾಟದ ಸ್ನಾಯುಗಳನ್ನೂ ತಲುಪುತ್ತದೆ. ಚಳಿಯಾದಾಗ ನೊಣಗಳು ರೆಕ್ಕೆ ಬಡಿಯದೆಯೇ ಈ ಸ್ನಾಯುಗಳನ್ನು ಅದುರಿಸಿ, ಮರಿ ಎರಿಯ ಶಾಖವನ್ನು 33ರಿಂದ 36 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಕಾಯ್ದುಕೊಳ್ಳುತ್ತವೆ. ಔಷಧಿ ಕೊಟ್ಟು ಆಕ್ಟೋಪಮೈನ್ ಕುಗ್ಗಿಸಿದಾಗ ಮೈ ಬಿಸಿಮಾಡಿಕೊಳ್ಳುವ ಶಕ್ತಿ ಕುಂದಿ, ಅದನ್ನು ಮರಳಿ ಒದಗಿಸಿದಾಗ ಚೇತರಿಸಿದ್ದನ್ನು ಜರ್ಮನಿಯ ವೂರ್ಟ್ಸ್‌ಬುರ್ಗ್‌ನ ವಿಜ್ಞಾನಿಗಳು 2022ರಲ್ಲಿ ತೋರಿಸಿದ್ದಾರೆ.

ಡೋಪಮೈನ್‌ನದೂ ಇಂಥದೇ ಕಥೆ. ರಾಣಿ ಇಲ್ಲದಾದ ಪೆಟ್ಟಿಗೆಯಲ್ಲಿ ಕೆಲವು ಕೆಲಸಗಾರ ನೊಣಗಳೇ ಎರಿಯ ಒಂದೊಂದು ಕಣದಲ್ಲಿ ಹಲವು ಮೊಟ್ಟೆ ಇಡತೊಡಗುವುದನ್ನೂ, ಅವುಗಳಿಂದ ಗಂಡುನೊಣಗಳೇ ಹುಟ್ಟುವುದನ್ನೂ ಸಾಕಣೆದಾರರು ಬಲ್ಲರು. ಅಂಥ ನೊಣಗಳ ಮಿದುಳಿನಲ್ಲಿ ಡೋಪಮೈನ್ ಏರಿರುತ್ತದೆ. ಅದರ ಗ್ರಾಹಕಗಳು, ಅಂದರೆ ಆ ರಾಸಾಯನಿಕದ ಸಂದೇಶವನ್ನು ಸ್ವೀಕರಿಸುವ ಜೀವಕೋಶದ ಭಾಗಗಳು, ಅಂಡಾಶಯದಲ್ಲೂ ಇವೆ. ರಾಣಿ ಸೂಸುವ ಗಂಧದ ಒಂದು ಘಟಕ ರಚನೆಯಲ್ಲಿ ಡೋಪಮೈನನ್ನೇ ಹೋಲುತ್ತದೆ ಎಂಬುದಂತೂ, ನನ್ನ ಮಟ್ಟಿಗೆ, ಇಡೀ ವಿಷಯದ ಅತ್ಯಂತ ಸೋಜಿಗದ ಭಾಗ.

ಇನ್ನು ಜೇನುನೊಣಗಳಿಗೆ ಅಂಟಿಕೊಂಡು ಬದುಕುವ ವರೋವಾ ನುಸಿಯ ವಿರುದ್ಧ ಬಳಸುವ ಔಷಧಿ ಅಮಿಟ್ರಾಜ್. ಅದು ಪರಿಣಾಮ ಬೀರುವುದೇ ನುಸಿಯ ಆಕ್ಟೋಪಮೈನ್ ಗ್ರಾಹಕಗಳ ಮೇಲೆ. ನೊಣದ ಗ್ರಾಹಕಗಳು ಅದಕ್ಕೆ ಅಷ್ಟು ಸುಲಭವಾಗಿ ಮಣಿಯದ ಕಾರಣ ನೊಣ ಬದುಕುಳಿಯುತ್ತದೆ, ಆದರೆ ಅದರ ಹೃದಯಬಡಿತದಲ್ಲಿ ವ್ಯತ್ಯಾಸವಾಗುವುದನ್ನು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿದೆ. ಅಮಿಟ್ರಾಜ್ ಕೂಡದು ಎಂಬುದು ನನ್ನ ವಾದವಲ್ಲ. ನುಸಿಯ ಕಾಟ ಅದಕ್ಕಿಂತ ದೊಡ್ಡದು. ಆದರೆ ಔಷಧಿಯೊಂದು ಜೇನಿಗೆ ಸುರಕ್ಷಿತವೇ ಎಂಬುದನ್ನು ಪೆಟ್ಟಿಗೆಯ ಮುಂದೆ ಸತ್ತು ಬಿದ್ದ ನೊಣಗಳ ಲೆಕ್ಕದಿಂದಷ್ಟೇ ತೀರ್ಮಾನಿಸುವುದು ಸರಿಯಲ್ಲ. ಉಳಿದ ನೊಣಗಳು ಮರಿಗಳನ್ನು ಬೆಚ್ಚಗಿಡಬಲ್ಲವೇ, ದೂರ ಹಾರಬಲ್ಲವೇ ಎಂಬುದನ್ನೂ, ಯುರೋಪಿನ ಮೆಲ್ಲಿಫೆರಾ ಜೊತೆಗೆ ನಮ್ಮ ತುಡುವೆ ಜೇನಿನಲ್ಲೂ, ಪರೀಕ್ಷಿಸಬೇಕು. ತಮ್ಮ ಕೃಷಿ ಪುಟದಲ್ಲಿ ಔಷಧಿಗಳ ಹೆಸರಿನೊಂದಿಗೆ ಅವು ಕೀಟದ ದೇಹದಲ್ಲಿ ಎಲ್ಲಿ, ಹೇಗೆ ಕೆಲಸ ಮಾಡುತ್ತವೆ ಎಂಬುದನ್ನೂ ಪ್ರಕಟಿಸಬೇಕೆಂದು ಕೋರುತ್ತೇನೆ.

– ಓದುಗ, ಶಿರಸಿ