ಆ ರಾತ್ರಿಯ ಸಿಸ್ಟರ್‌ಗೆ

ಅಪ್ಪ ಮನೆಗೆ ಬಂದು ಇವತ್ತಿಗೆ ಒಂದು ತಿಂಗಳು. ಅವರ ಹೃದಯ ನಿಂತುಹೋಗಿದ್ದು ನಿಮಗೆಲ್ಲ ಗೊತ್ತು, ಅದನ್ನೆಲ್ಲ ಮತ್ತೆ ಹೇಳುವುದಿಲ್ಲ. ಆಂಬುಲೆನ್ಸ್ ಬರುವವರೆಗೂ ಬಿಡದೆ ಎದೆ ಒತ್ತಿದ ಪಕ್ಕದ ಮನೆಯ ಹುಡುಗ, ಡಾಕ್ಟರುಗಳು, ಹಗಲೂ ರಾತ್ರಿ ಓಡಾಡಿದ ಭಾವ, ನನ್ನ ಕೆಲಸವನ್ನೂ ಮಾಡಿಕೊಟ್ಟ ಆಫೀಸಿನವರು, ಎಲ್ಲರಿಗೂ ಥ್ಯಾಂಕ್ಸ್. ಒಂದೇ ಸಾಲಲ್ಲಿ ಮುಗಿಸಿದೆ ಅಂತ ಬೇಜಾರು ಮಾಡಿಕೊಳ್ಳಬೇಡಿ. ಇವತ್ತು ನಾನು ಬರೆಯಬೇಕಿರುವುದು ಐಸಿಯುನಲ್ಲಿ ನೈಟ್ ಡ್ಯೂಟಿಗಿದ್ದ ಸಿಸ್ಟರ್ ಬಗ್ಗೆ.

ಹೃದಯ ಮತ್ತೆ ಬಡಿದರೂ ಅಪ್ಪನಿಗೆ ಪ್ರಜ್ಞೆ ಬಂದಿರಲಿಲ್ಲ. ಮೆದುಳಿಗೆ ಇನ್ನಷ್ಟು ಪೆಟ್ಟಾಗದಿರಲಿ ಅಂತ ಮೈ ಬಿಸಿಯನ್ನು 33 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ 24 ಗಂಟೆ ಇಟ್ಟಿದ್ದರು. ಒಳಗೆ ಬಿಟ್ಟಾಗ ತೋಳು ಮುಟ್ಟಿದೆ. ಹೆಣ ಮುಟ್ಟಿದ ಹಾಗಿತ್ತು. ಇದನ್ನು ಇಲ್ಲಿವರೆಗೆ ಅಮ್ಮನಿಗೂ ಹೇಳಿಲ್ಲ. "ಒಂದು ಕಂಬಳಿ ಹೊದಿಸೋಕೆ ಆಗಲ್ವಾ ನಿಮಗೆ?" ಅಂತ ಕೂಗಾಡಿಬಿಟ್ಟೆ.

ಸಿಸ್ಟರ್ ತಿರುಗಿ ರೇಗಲಿಲ್ಲ. ಅಪ್ಪನ ಅಂಗೈ, ಪಾದ ತೋರಿಸಿದರು. ಅಷ್ಟನ್ನು ಮಾತ್ರ ಬೆಚ್ಚಗೆ ಸುತ್ತಿದ್ದರು. ಅವು ಬೆಚ್ಚಗಿದ್ದರೆ ನಡುಕ ಕಡಿಮೆಯಂತೆ. ನಡುಗಿದರೆ ಮೈ ತಾನೇ ಬಿಸಿಯಾಗುತ್ತದೆ, ತಣ್ಣಗೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಆಗಾಗ ಬಂದು ದವಡೆ, ಕತ್ತಿನ ಮೇಲೆ ಬೆರಳಿಟ್ಟು ನೋಡುತ್ತಿದ್ದರು. ಕಣ್ಣಿಗೆ ಕಾಣದ ನಡುಕ ಬೆರಳಿಗೆ ಸಿಗುತ್ತದೆ. ತಣ್ಣನೆಯ ಪ್ಯಾಡ್ ಎತ್ತಿ, ಕೆಳಗೆ ಚರ್ಮ ಕೆಂಪಾಗಿದೆಯಾ ಅಂತ ಟಾರ್ಚ್ ಬಿಟ್ಟು ನೋಡುತ್ತಿದ್ದರು. ಪ್ರತಿ ಸಲವೂ ಮೊದಲು ಅಪ್ಪನಿಗೆ ಹೇಳುತ್ತಿದ್ದರು: "ಅಪ್ಪಾ, ಈಗ ಸ್ವಲ್ಪ ಪಕ್ಕಕ್ಕೆ ತಿರುಗಿಸ್ತೀನಿ." ನಿದ್ದೆಯ ಔಷಧಿಯಲ್ಲಿದ್ದ ಮನುಷ್ಯನಿಗೆ! ನಾನೇ ಮಾತಾಡಿಸುವುದನ್ನು ಬಿಟ್ಟಿದ್ದೆ.

ಬಿಸಿ ಏರಿಸುವಾಗ ನನಗೆ ಅವಸರ. ಅವರು ಗಂಟೆಗೆ ಕಾಲು ಡಿಗ್ರಿಗಿಂತ ಜಾಸ್ತಿ ಬಿಡಲಿಲ್ಲ. ಬೇಗ ಏರಿಸಿದರೆ ಬಿಪಿ ಕುಸಿಯಬಹುದು, ರಕ್ತದಲ್ಲಿ ಪೊಟ್ಯಾಸಿಯಂ ಏರಬಹುದು ಅಂದರು. ಹದಿನಾಲ್ಕು ಗಂಟೆ ಹಿಡಿಯಿತು. "ಎಚ್ಚರ ಆಗುತ್ತಾ?" ಅಂತ ಕೇಳಿದರೆ ಸುಮ್ನೆ ಹೂಂ ಅನ್ನಲಿಲ್ಲ. "ಈಗಲೇ ಏನೂ ಹೇಳೋಕಾಗಲ್ಲ, ಕಾಯೋಣ" ಅಂದರು. "ಕಾಯಿರಿ" ಅನ್ನಲಿಲ್ಲ, ನೋಡಿ.

ಸಿಸ್ಟರ್, ಅವತ್ತು ಕೂಗಾಡಿದ್ದಕ್ಕೆ ಕ್ಷಮಿಸಿ.

ಅಪ್ಪನಿಗೆ ಆ ವಾರ ನೆನಪೇ ಇಲ್ಲ. ಹೊಸದಾಗಿ ಹೇಳಿದ್ದೂ ಇನ್ನೂ ಸರಿಯಾಗಿ ನಿಲ್ಲುವುದಿಲ್ಲ. ನಿಮ್ಮ ವಿಷಯ ನಾಲ್ಕು ಸಲ ಹೇಳಿದ್ದೇನೆ. ಇವತ್ತು ಬೆಳಿಗ್ಗೆ ಮತ್ತೆ ಕೇಳಿದರು, "ಯಾವ ಸಿಸ್ಟರ್?" ಕುರ್ಚಿ ಎಳೆದುಕೊಂಡು ಮೊದಲಿಂದ ಶುರು ಮಾಡಿದೆ.