ಅಂಪೈರ್‌ಗೆ, ಮತ್ತು ಮೇಜನ್ನು ಕೆಳಗಿಳಿಸಿದ ಎಲ್ಲರಿಗೂ

ಆಸ್ಪತ್ರೆಯಿಂದ ಬಂದ ಮೇಲೆ, ಹೋದ ಭಾನುವಾರ ಮಂಗಳೂರಿನ ಬಿಜೈಯಲ್ಲಿರುವ ನಮ್ಮ ಯುದ್ಧದಾಟದ ಕ್ಲಬ್ಬಿಗೆ ಹೋಗಿ ಒಂದು ಆಟ ಪೂರ್ತಿ ಆಡಿದೆ. ಫೋಟೋ ನೋಡಿ ತುಂಬಾ ಜನ ಫೋನ್ ಮಾಡಿದಿರಿ, ಮೆಸೇಜ್ ಹಾಕಿದಿರಿ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವಷ್ಟು ಬೆರಳು ಇನ್ನೂ ಗಟ್ಟಿಯಾಗಿಲ್ಲ. ಹಾಗಾಗಿ ಎಲ್ಲರಿಗೂ ಸೇರಿಸಿ ಇಲ್ಲೇ ಬರೆಯುತ್ತಿದ್ದೇನೆ. ಆಸ್ಪತ್ರೆಯ ಕಥೆ ನಿಮಗೆ ಗೊತ್ತೇ ಇದೆ ಅಲ್ವಾ, ಅದನ್ನು ಮತ್ತೆ ಹೇಳುವುದಿಲ್ಲ.

ರಕ್ತ ಕೊಟ್ಟವರಿಗೆ, ರಜೆ ಹೊಂದಿಸಿಕೊಟ್ಟ ಆಫೀಸಿನವರಿಗೆ, ಅಮ್ಮನಿಗೆ ದಿನಾ ಗಂಜಿ-ಚಟ್ನಿ ತಂದುಕೊಟ್ಟ ಪಕ್ಕದ ಮನೆಯ ಅಕ್ಕನಿಗೆ, ‘ಇನ್ನೊಂದು ಸಲ, ಇನ್ನೊಂದೇ ಸಲ’ ಅಂತ ನನ್ನ ಕೈ ಎತ್ತಿಸಿದ ಫಿಸಿಯೋಥೆರಪಿಸ್ಟ್‌ಗೆ, ಎಲ್ಲರಿಗೂ ಮನಸ್ಸಿನಿಂದ ಥ್ಯಾಂಕ್ಸ್.

ಇನ್ನು ಅಂಪೈರ್ ವಿಷಯ. ಹೆಸರು ಹಾಕಬೇಡ ಅಂದಿದ್ದಾನೆ. ಕ್ಲಬ್ಬಿನಲ್ಲಿ ಅವನನ್ನು ಎಲ್ಲರೂ ಕರೆಯುವುದೇ ಹಾಗೆ. ನಾವು ಉಳಿದವರೆಲ್ಲ ಸಣ್ಣ ಲೋಹದ ಸೈನಿಕರಿಗೆ ಬಣ್ಣ ಹಚ್ಚಿ, ಮೇಜಿನ ಮೇಲೆ ಟೇಪು ಹಿಡಿದು ಅಳೆದು, ದಾಳ ಉರುಳಿಸಿ ಆಡುವವರು. ಅವನಿಗೆ ಪ್ರೀತಿ ಇರುವುದು ಅದಕ್ಕಿಂತ ಹಳೆಯ ಒಂದು ಆಟದ ಮೇಲೆ. ಕ್ರೀಗ್‌ಸ್ಪೀಲ್ ಅಂತ. 1824ರಲ್ಲಿ ಪ್ರಶ್ಯದ ಸೇನಾಧಿಕಾರಿ ರೈಸ್‌ವಿಟ್ಸ್ ಅದರ ನಿಯಮಗಳನ್ನು ಪ್ರಕಟಿಸಿದ್ದು. ಒಂದು ನಕ್ಷೆ, ಕೆಂಪು ಮತ್ತು ನೀಲಿ ಬಣ್ಣದ ಸಣ್ಣ ಬಿಲ್ಲೆಗಳು, ಒಬ್ಬ ಅಂಪೈರ್. ಆಡುವವರು ಬಿಲ್ಲೆಯನ್ನು ತಾವೇ ಸರಿಸುವುದಿಲ್ಲ. ಏನು ಮಾಡಬೇಕು ಅಂತ ಚೀಟಿ ಬರೆದು ಅಂಪೈರ್ ಕೈಗೆ ಕೊಡಬೇಕು. ಒಂದು ಸುತ್ತು ಅಂದರೆ ಯುದ್ಧದ ಎರಡು ನಿಮಿಷ. ಚೀಟಿ ಒಯ್ಯುವ ಸವಾರ ತನ್ನವರನ್ನು ತಲುಪಲು ಎಷ್ಟು ಹೊತ್ತು ಬೇಕು ಅನ್ನುವುದನ್ನೂ ಅಂಪೈರೇ ಲೆಕ್ಕ ಹಾಕುತ್ತಾನೆ. ಎದುರಾಳಿಯ ಬಗ್ಗೆ ನಿಮ್ಮ ಕಣ್ಣಿಗೆ ಬೀಳುವಷ್ಟನ್ನು ಮಾತ್ರ ಹೇಳುತ್ತಾನೆ, ಉಳಿದದ್ದು ಅವನ ಹತ್ತಿರವೇ ಇರುತ್ತದೆ.

ಆಸ್ಪತ್ರೆಯಲ್ಲಿದ್ದಾಗ ಒಂದು ರಾತ್ರಿ ಡಾಕ್ಟರ್ ಅಮ್ಮನನ್ನು ಹೊರಗೆ ಕರೆದು ಏನೋ ಹೇಳಿದರು. ಏನು ಅಂತ ಅಮ್ಮ ಹೇಳಲಿಲ್ಲ. ಅಮ್ಮನ ಮುಖ ನೋಡಿಯೇ ನನಗೆ ಗೊತ್ತಾಯಿತು. ಹೊರಗೆ ಆಟಿ ತಿಂಗಳ ಮಳೆ. ಅಂಪೈರ್ ಕೆಲಸ ಮುಗಿಸಿ ನೇರ ಬಂದಿದ್ದ. ಶರ್ಟು ಒದ್ದೆ. ಅಮ್ಮನನ್ನು ಒತ್ತಾಯ ಮಾಡಿ ಮಲಗಲು ಕಳಿಸಿದ. ನನ್ನ ಮಂಚದ ಪಕ್ಕ ಸ್ಟೂಲ್ ಎಳೆದು ಕೂತ. ಹೇಗಿದ್ದೀಯ ಅಂತ ಕೇಳಲಿಲ್ಲ. ಮೆಡಿಕಲ್ ಶಾಪಿನ ಬಿಲ್ಲನ್ನು ಮಗುಚಿ ಹಾಕಿ ಒಂದು ಗೆರೆ ಎಳೆದ.

‘ಇದು ನೇತ್ರಾವತಿ. ಇಲ್ಲಿ ಪಾಣೆಮಂಗಳೂರು, ಇಲ್ಲಿ ತುಂಬೆ, ಅಡ್ಯಾರು, ಜೆಪ್ಪಿನಮೊಗರು. ಇದು ಅಳಿವೆ ಬಾಗಿಲು. ಉಳ್ಳಾಲದಲ್ಲಿ ರಾಣಿ ಅಬ್ಬಕ್ಕ ಇದ್ದಾಳೆ. ಹೊರಗೆ ಪೋರ್ಚುಗೀಸರ ಹಡಗು ನಿಂತಿದೆ. ಪಾಣೆಮಂಗಳೂರಿನಲ್ಲಿ ಅಕ್ಕಿ ತುಂಬಿದ ಹತ್ತು ದೋಣಿ ನಿನ್ನ ಕೈಯಲ್ಲಿದೆ. ಬೆಳಗಾಗುವ ಮೊದಲು ಉಳ್ಳಾಲಕ್ಕೆ ಮುಟ್ಟಿಸಬೇಕು. ಹೇಳು, ಎಂತ ಮಾಡ್ತೀ?’

ಅಬ್ಬಕ್ಕ ಪೋರ್ಚುಗೀಸರ ಮೇಲೆ ಹೋರಾಡಿದ್ದು ನಿಜ. ಈ ಹತ್ತು ದೋಣಿಯ ಕಥೆ ಅವನು ಅಲ್ಲೇ ಕಟ್ಟಿದ್ದು.

ನನಗೆ ಕೈ ಎತ್ತಲು ಆಗುತ್ತಿರಲಿಲ್ಲ. ಮಾತು ಮಾತ್ರ ಸ್ವಲ್ಪ ಸ್ವಲ್ಪ ಹೊರಡುತ್ತಿತ್ತು. ‘ಎರಡು ದೋಣಿ ಮುಂದೆ ಹೋಗಲಿ. ದೀಪ ಬೇಡ’ ಅಂದೆ. ಬರೆದುಕೊಂಡ. ವಾಚು ನೋಡಿದ. ‘ನಿನ್ನ ಚೀಟಿ ಒಯ್ಯುವ ಆಳು ಇನ್ನೂ ದಡಕ್ಕೆ ಮುಟ್ಟಲಿಲ್ಲ. ಕಾಯಿ.’ ನಾನು ಕಾದೆ. ನರ್ಸ್ ಬಂದು ಹೋದರು. ಅವನು ಮತ್ತೆ ವಾಚು ನೋಡಿ, ‘ಹೊರಟವು. ತುಂಬೆಯ ಕೆಳಗೆ ಒಂದು ದೋಣಿ ದಿಣ್ಣೆಗೆ ತಾಗಿತು. ಅಕ್ಕಿ ಇಳಿಸಬೇಕೋ, ಬಿಟ್ಟು ಹೋಗಬೇಕೋ?’ ಅಂತ ಕೇಳಿದ. ಹೀಗೇ ನಡೆಯಿತು. ಪ್ರತಿ ಸಲವೂ ಏನೋ ಒಂದು ಪ್ರಶ್ನೆ. ಪ್ರತಿ ಸಲವೂ ಕಾಯಿಸುತ್ತಿದ್ದ. ನೋವಿನ ಮಧ್ಯೆ ನನ್ನ ತಲೆಯ ಒಂದು ಮೂಲೆ ಆ ಆಳು ಎಲ್ಲಿಗೆ ಮುಟ್ಟಿರಬಹುದು ಅಂತ ಯೋಚಿಸುತ್ತಿತ್ತು.

ಎಷ್ಟು ಹೊತ್ತಿಗೋ ನಾನು ಕೇಳಿಬಿಟ್ಟೆ. ‘ನಾನು ಬೆಳಿಗ್ಗೆ ಇರ್ತೇನಾ?’

ಅವನು ಸುಮ್ಮನಾದ. ಆಮೇಲೆ ಹೇಳಿದ, ‘ಇಳಿತ ಶುರುವಾಗ್ಲಿಕ್ಕೆ ಇನ್ನೂ ಹೊತ್ತುಂಟು. ಅಲ್ಲಿವರೆಗೆ ದೋಣಿ ಎಲ್ಲಿ ಕಟ್ಟಿಸ್ತೀ?’

ನನಗೆ ಸಿಟ್ಟು ಬಂತು. ಸಾಯ್ತಿರುವವನ ಹತ್ತಿರ ದೋಣಿಯ ವಿಷಯ ಕೇಳ್ತೀಯಾ ಅಂತ ಬೈದೆ. ಅತ್ತೆ. ಆ ಅಳುವಿನಲ್ಲಿ ಉಸಿರು ಸಿಕ್ಕಿಹಾಕಿಕೊಂಡು ಎದೆ ಇನ್ನಷ್ಟು ನೋಯಿತು. ಅವನೂ ಅಳುತ್ತಿದ್ದ, ಬಿಲ್ಲು ಹಿಡಿದ ಕೈ ನಡುಗುತ್ತಿತ್ತು. ಆದರೂ ಬಿಡಲಿಲ್ಲ. ‘ಅಡ್ಯಾರಾ, ಜೆಪ್ಪಿನಮೊಗರಾ? ಹೇಳು ಮಾರಾಯ.’

‘ಅಡ್ಯಾರು’ ಅಂದೆ. ಜೆಪ್ಪಿನಮೊಗರು ಅಳಿವೆಗೆ ಹತ್ತಿರ, ಹಡಗಿನವರಿಗೆ ಸುಳಿವು ಸಿಗಬಹುದು. ಅಂಥ ಹೊತ್ತಿನಲ್ಲೂ ಅಷ್ಟು ಯೋಚಿಸಿದ್ದೆ ನೋಡಿ.

ಆ ದಿನಗಳಲ್ಲಿ ಬಂದವರೆಲ್ಲ ಪ್ರೀತಿಯಿಂದಲೇ ಬಂದರು. ಧೈರ್ಯ ಹೇಳಿದರು, ಹರಕೆ ಹೊತ್ತರು, ವಿಶ್ರಾಂತಿ ತಗೋ ಅಂದರು. ಅದರ ಬೆಲೆ ನನಗೆ ಗೊತ್ತು. ಆದರೆ ನನ್ನ ಬಗ್ಗೆ ಎಲ್ಲವನ್ನೂ ಬೇರೆಯವರೇ ತೀರ್ಮಾನ ಮಾಡುತ್ತಿದ್ದ ಕಾಲ ಅದು. ಯಾವ ಔಷಧಿ, ಯಾವಾಗ ನೀರು, ಯಾರು ಒಳಗೆ ಬರಬಹುದು. ನೀನೇ ತೀರ್ಮಾನ ಮಾಡು ಅಂತ ನನ್ನ ಕೈಗೆ ಏನನ್ನಾದರೂ ಕೊಟ್ಟವನು ಅವನೊಬ್ಬನೇ. ಹತ್ತು ದೋಣಿ ಕೊಟ್ಟ. ಅವು ಇಲ್ಲದೆ ಆ ರಾತ್ರಿಯನ್ನು ಹೇಗೆ ದಾಟುತ್ತಿದ್ದೆನೋ ಗೊತ್ತಿಲ್ಲ. ಬೆಳಿಗ್ಗೆ ನರ್ಸ್ ಪರದೆ ಸರಿಸಿದಾಗ ಆಟ ಇನ್ನೂ ಮುಗಿದಿರಲಿಲ್ಲ. ಅವನು ಬಿಲ್ಲು ಮಡಚಿ ಜೇಬಿಗೆ ಹಾಕಿ, ಮುಖ ತೊಳೆದು, ಅಲ್ಲಿಂದಲೇ ಕೆಲಸಕ್ಕೆ ಹೋದ. ಸಂಜೆ ಮತ್ತೆ ಬಂದ. ಮನೆಯಲ್ಲಿ ಸಣ್ಣ ಮಗುವನ್ನು ಒಬ್ಬಳೇ ನೋಡಿಕೊಂಡು ಅವನನ್ನು ಕಳಿಸಿದ ಅವನ ಹೆಂಡತಿಗೆ ನಾನು ಏನು ಹೇಳಿದರೂ ಕಡಿಮೆಯೇ.

ಕ್ಲಬ್ಬಿನವರ ಬಗ್ಗೆ. ನಮ್ಮ ಆಟ ನಡೆಯುತ್ತಿದ್ದದ್ದು ಮಹಡಿಯ ಮೇಲೆ. ನನಗೆ ಈಗ ಮೆಟ್ಟಿಲು ಕಷ್ಟ. ನಾನು ಕೇಳಲೂ ಇಲ್ಲ, ಮೇಜು, ಶೆಲ್ಫು, ಗುಡ್ಡ-ಕಾಡಿನ ಮಾದರಿಗಳು, ಎಲ್ಲವನ್ನೂ ಕೆಳಗಿನ ಕಾರ್ ಶೆಡ್ಡಿಗೆ ಇಳಿಸಿದ್ದರು. ಕಾರು ಈಗ ರಸ್ತೆಯಲ್ಲಿ ಮಳೆಗೆ ನೆನೆಯುತ್ತಿದೆ. ಕ್ಲಬ್ಬಿರುವ ಆ ಮನೆಯ ಯಜಮಾನರಿಗೆ ನನ್ನ ನಮಸ್ಕಾರ.

ನನ್ನ ಗೊಂಬೆ ಸೈನ್ಯವನ್ನೂ ಕ್ಲಬ್ಬಿನವರೇ ನೋಡಿಕೊಂಡಿದ್ದರು. ಮಂಗಳೂರಿನ ಮಳೆಗಾಲದ ತೇವ ಎಂಥದ್ದು ಅಂತ ಈ ಹವ್ಯಾಸದವರಿಗೆ ಗೊತ್ತು. ಪ್ರೈಮರ್ ಸ್ಪ್ರೇ ಮಾಡಿದರೆ ಪುಡಿಪುಡಿಯಾಗಿ ಕೂರುತ್ತದೆ, ಬ್ರಶ್ಶಿನಲ್ಲೇ ಹಚ್ಚಬೇಕು. ಅಡಿಯ ಹುಲ್ಲು-ಮಣ್ಣಿಗೆ ಬೂಷ್ಟು ಹಿಡಿಯುತ್ತದೆ. ಸುರತ್ಕಲ್‌ನಿಂದ ಬರುವ ಇಬ್ಬರು ಹುಡುಗರು ನನ್ನ ಗೊಂಬೆಗಳನ್ನೆಲ್ಲ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಟ್ಟಿದ್ದರು. ಮುರಿದ ಈಟಿಗಳನ್ನು ಅಂಟಿಸಿದ್ದರು. ಎರಡು ಆನೆಗೆ ಬಣ್ಣ ಬಾಕಿ ಇತ್ತು. ಅದನ್ನು ಮಾತ್ರ ಮುಟ್ಟಿರಲಿಲ್ಲ. ‘ಅದು ನಿಮ್ಮ ಕೆಲಸ’ ಅಂದರು. ಆ ಮಾತು ನನಗೆ ಎಷ್ಟು ಖುಷಿ ಕೊಟ್ಟಿತು ಅಂತ ಆ ಹುಡುಗರಿಗೆ ಹೇಳಲು ಆಗಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಭಾನುವಾರದ ಆಟಕ್ಕೆ ಡಿಬಿಎ ಅನ್ನುವ, ಪ್ರಾಚೀನ ಕಾಲದ ಯುದ್ಧಗಳನ್ನು ಆಡುವ ನಿಯಮ ಆರಿಸಿದ್ದೂ ಒಳ್ಳೆಯದಾಯಿತು. 1990ರಲ್ಲಿ ಬಂದ ನಿಯಮಗಳು, ಒಂದೊಂದು ಕಡೆಗೆ ಹನ್ನೆರಡೇ ತುಕಡಿ. ಎರಡಡಿ ಉದ್ದ, ಎರಡಡಿ ಅಗಲದ ಮೇಜು ಸಾಕು. ದಾಳದಲ್ಲಿ ಎಷ್ಟು ಬೀಳುತ್ತದೋ ಅಷ್ಟೇ ನಡೆ. ಬೇಗ ಸುಸ್ತಾಗುವ ನನ್ನಂಥವರಿಗೆ ಹೇಳಿ ಮಾಡಿಸಿದ್ದು. ಕ್ರಿ.ಪೂ. 326ರ ಝೀಲಂ ನದಿಯ ಯುದ್ಧ ಇಟ್ಟುಕೊಂಡೆವು. ನಾನು ಪೌರವ, ಅಂದರೆ ರಾಜ ಪೋರಸ್, ಎದುರಿಗೆ ಅಲೆಕ್ಸಾಂಡರ್ ಆಗಿ ಮಣಿಪಾಲದಿಂದ ಬಂದ ಗೆಳತಿ. ದಾಳವನ್ನು ಎಡಗೈಯಲ್ಲಿ ಹಾಕಿದೆ. ತುಕಡಿಗಳನ್ನು ನಾನು ಹೇಳಿದ ಕಡೆ ಹುಡುಗರು ಸರಿಸಿದರು. ಅವಳು ನನ್ನ ಆನೆಗಳ ಮೇಲೆ ಹಗುರ ಕಾಲಾಳುಗಳನ್ನು ಬಿಟ್ಟಳು. ಆನೆಗೆ ಅದೇ ಮದ್ದು, ಅವರ ಎದುರು ಸೋತ ಆನೆ ಉಳಿಯುವುದಿಲ್ಲ. ನನ್ನ ನಾಲ್ಕನೇ ತುಕಡಿ ಬಿತ್ತು, ಆಟ ಮುಗಿಯಿತು. ಅವಳದ್ದು ಮೂರು ಬಿದ್ದಿತ್ತು. ಹುಷಾರಿಲ್ಲದವನು ಅಂತ ಒಂದು ನಡೆಯನ್ನೂ ಬಿಟ್ಟುಕೊಡಲಿಲ್ಲ. ಅದಕ್ಕಾಗಿ ಅವಳಿಗೆ ದೊಡ್ಡ ಥ್ಯಾಂಕ್ಸ್. ಆಮೇಲೆ ಎಲ್ಲರೂ ಸೇರಿ ಗೋಳಿಬಜೆ ತಿಂದೆವು. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಕೆಲವರು ನೋಡಿದಿರಿ.

ಮುಂದಿನ ತಿಂಗಳು ಕ್ರೀಗ್‌ಸ್ಪೀಲ್ ಇಡುತ್ತಿದ್ದೇವೆ. ಈ ಸಲ ಅಂಪೈರ್ ನಾನು, ಅವನು ಆಡಬೇಕು. ಒಪ್ಪಿದ್ದಾನೆ. ನಕ್ಷೆ ನಾನೇ ಬಿಡಿಸುತ್ತಿದ್ದೇನೆ, ಎಡಗೈಯಲ್ಲಿ ನಿಧಾನಕ್ಕೆ. ಎರಡು ಕಡೆಗೂ ಸೇರಿ ಇನ್ನೂ ಮೂರ್ನಾಲ್ಕು ಜನ ಬೇಕು. ಗೊಂಬೆ ಬೇಡ, ಮೊದಲು ಆಡಿರಬೇಕು ಅಂತಲೂ ಇಲ್ಲ, ಚೀಟಿ ಬರೆಯಲು ಒಂದು ಪೆನ್ನು ತಂದರೆ ಸಾಕು. ಬರುವವರು ನನಗೆ ತಿಳಿಸಿ.