ಚಾಕು ತರಿಸಿದ ಕಥೆ: ಮೈಸೂರಿನ ಅಕ್ಕನಿಗೆ ಒಂದು ಪತ್ರ

ಬರ್ಮಿಂಗ್‌ಹ್ಯಾಮ್
ನವೆಂಬರ್ 2025

ಪ್ರೀತಿಯ ಅಕ್ಕನಿಗೆ ನಿನ್ನ ತಂಗಿಯ ನಮಸ್ಕಾರಗಳು.

ಇಲ್ಲಿ ನಾವು ಮೂವರೂ ಕ್ಷೇಮ. ಅಲ್ಲಿ ಅಮ್ಮ, ಭಾವ, ನೀನು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಫೋನ್ ಇರುವಾಗ ಕಾಗದವೇಕೆ ಎಂದು ಕೇಳಬೇಡ. ಫೋನಿನಲ್ಲಾದರೆ ನಾನು ಎರಡು ಮಾತು ಹೇಳುವಷ್ಟರಲ್ಲಿ ನೀನು ನಾಲ್ಕು ಹೇಳಿರುತ್ತೀಯ. ಅಮ್ಮನಿಗಂತೂ ಮಧ್ಯಾಹ್ನ ಊಟವಾದ ಮೇಲೆ ಕನ್ನಡಕ ಏರಿಸಿಕೊಂಡು ಓದಿದರೇ ಸುದ್ದಿ ಸುದ್ದಿಯೆನಿಸುವುದು.

ಅಮ್ಮನ ರಕ್ತದೊತ್ತಡದ ಮಾತ್ರೆ ಸರಸ್ವತಿಪುರಂ ಮನೆಯ ಗೇಟಿನವರೆಗೆ ಬಂದು ವಾಪಸ್ಸು ಹೋಯಿತೆಂದು ನೀನು ಮೊನ್ನೆ ಕೂಗಾಡಿದ್ದು ಇನ್ನೂ ಕಿವಿಯಲ್ಲಿದೆ. ಡೆಲಿವರಿ ಹುಡುಗ ಒಟಿಪಿ ಕೇಳಿದ್ದಾನೆ. ಅದು ಹೋಗಿದ್ದು ಬೆಂಗಳೂರಿನಲ್ಲಿ ಮೀಟಿಂಗಿನಲ್ಲಿ ಕುಳಿತಿದ್ದ ನಿನ್ನ ಮಗನ ಮೊಬೈಲಿಗೆ. ಅಮ್ಮ ಒಳಗಿನಿಂದ ಆಧಾರ್ ತಂದಳಂತೆ, ಅದು ಸಾಲದೇನೋ ಎಂದು ರೇಷನ್ ಕಾರ್ಡನ್ನೂ ತಂದಳಂತೆ. ‘ಕಾರ್ಡ್ ಬೇಡ ಅಜ್ಜಿ, ನಂಬರ್ ಹೇಳಿ’ ಎಂದನಂತೆ ಅವನು. ಕೊನೆಗೆ ಆ ಕಂಪನಿಯ ಲೆಕ್ಕದಲ್ಲಿ ‘ಗ್ರಾಹಕರು ಮನೆಯಲ್ಲಿಲ್ಲ’ ಎಂದು ದಾಖಲಾಯಿತು. ಮನೆಯಲ್ಲಿಲ್ಲದ ಗ್ರಾಹಕಿ ಗೇಟಿಗೆ ಒರಗಿ ನಿಂತು ಅವನಿಗೆ ನೀರು ಬೇಕೇ ಎಂದು ಕೇಳುತ್ತಿದ್ದಳು! ಇಷ್ಟೆಲ್ಲ ಹೇಳಿ ನೀನು, ‘ನಿಮ್ಮ ಇಂಗ್ಲೆಂಡಿನಲ್ಲಿ ಈ ಗೋಳೆಲ್ಲ ಇರುವುದಿಲ್ಲ ಬಿಡು’ ಎಂದೆಯಲ್ಲ, ಆ ಒಂದು ಮಾತಿಗೆ ಇಷ್ಟುದ್ದದ ಕಾಗದ.

ಅಕ್ಟೋಬರ್ ಕೊನೆಗೆ ಇಲ್ಲಿನ ಅಂಗಡಿಗಳಲ್ಲಿ ಸಿಹಿಗುಂಬಳಕಾಯಿ ರಾಶಿ ಬೀಳುತ್ತದೆ. ಇಲ್ಲಿಯ ಜನ ಅದಕ್ಕೆ ಕಣ್ಣು ಮೂಗು ಕೊರೆದು ದೀಪವಿಡುತ್ತಾರೆ, ನಾನು ಹುಳಿ ಮಾಡುತ್ತೇನೆ. ಹಳೆಯ ಚಾಕು ಕುಂಬಳದ ಸಿಪ್ಪೆಗೆ ಸೋತು ಹಿಡಿಯಲ್ಲೇ ಅಲ್ಲಾಡತೊಡಗಿತ್ತು. ರಿಯಾಯಿತಿ ದರದಲ್ಲಿ ಕಂಡಿತೆಂದು ಆನ್‌ಲೈನ್‌ನಲ್ಲಿ ಹೊಸದೊಂದು ತರಿಸಿದೆ. ದೊಡ್ಡದೇನಲ್ಲ, ಸಾಧಾರಣ ಅಡುಗೆಮನೆಯ ಚಾಕು. ನೀನಾದರೆ ದೇವರಾಜ ಮಾರುಕಟ್ಟೆಯ ಕಡೆ ಹೋಗಿ, ಉಗುರಿನ ಮೇಲೆ ಅಲಗನ್ನು ಆಡಿಸಿ ನೋಡಿ, ಹಳೆಯ ಪೇಪರಿನಲ್ಲಿ ಸುತ್ತಿಸಿಕೊಂಡು ಬರುತ್ತಿದ್ದೆ. ಆಯುಧಪೂಜೆಯಲ್ಲಿ ಈಳಿಗೆಮಣೆಗೂ ಕುಂಕುಮವಿಟ್ಟು ಹೂವೇರಿಸುವ ಮನೆಯಲ್ಲಿ ಬೆಳೆದ ನನಗೆ, ಚಾಕು ಪಡೆಯಲು ನನ್ನ ಗುರುತು ಸಾಬೀತಾಗಬೇಕು ಎಂಬುದು ಬಾಗಿಲಲ್ಲಿ ನಿಂತು ವಾದಿಸುವವರೆಗೂ ಮನಸ್ಸಿಗೆ ಇಳಿದಿರಲಿಲ್ಲ.

ಶನಿವಾರ ಪೆಟ್ಟಿಗೆ ತಂದವನು ನಮ್ಮ ದೇಶದವನೇ, ಪಂಜಾಬಿನ ಕಡೆಯ ಹುಡುಗ. ‘ಆಂಟಿ, ಫೋಟೊ ಇರುವ ಗುರುತಿನ ಚೀಟಿ ತೋರಿಸಿ, ಹದಿನೆಂಟು ದಾಟಿದವರಿಗೆ ಮಾತ್ರ ಕೊಡಬೇಕು’ ಎಂದ. ಆಂಟಿ ಎಂದು ಕರೆದವನೇ ನನಗೆ ಹದಿನೆಂಟು ದಾಟಿದೆಯೇ ಎಂದು ಕೇಳುತ್ತಿದ್ದಾನೆ ನೋಡು! ಬೈತಲೆಯ ನರೆಗೂದಲನ್ನು ಮೂರು ವಾರದಿಂದ ಬಣ್ಣ ಹಚ್ಚದೆ ಹಾಗೆಯೇ ಬಿಟ್ಟಿದ್ದೆ, ಅದಾದರೂ ಸಾಕ್ಷಿ ಹೇಳೀತೆಂದುಕೊಂಡೆ. ನನ್ನ ಪಾಸ್‌ಪೋರ್ಟ್ ನವೀಕರಣಕ್ಕೆ ಹೋಗಿತ್ತು. ಆಸ್ಪತ್ರೆಯ ಪ್ರಯೋಗಾಲಯದ ಬ್ಯಾಡ್ಜ್ ತೋರಿಸಿದೆ. ಅದನ್ನು ತೋರಿಸಿದರೆ ಔಷಧಿ ಕೋಣೆಯವರೆಗೆ ನನ್ನನ್ನು ಬಿಡುತ್ತಾರೆ, ಅವನು ಮಾತ್ರ ಆಗದೆಂದು ತಲೆಯಾಡಿಸಿದ. ಇಲ್ಲಿರಲು ಅನುಮತಿಯ ಪ್ಲಾಸ್ಟಿಕ್ ಕಾರ್ಡ್ ಒಂದಿತ್ತಲ್ಲ, ಅಂಥವುಗಳ ಕಾಲ 2024ರ ಡಿಸೆಂಬರ್ 31ಕ್ಕೇ ಮುಗಿಯಿತು. ಈಗ ಎಲ್ಲ ಇ-ವೀಸಾ, ಸರ್ಕಾರದ ವೆಬ್‌ಸೈಟಿನೊಳಗೆ. ಮೊಬೈಲಿನಲ್ಲಿ ಅದನ್ನು ತೆರೆದು ನನ್ನ ಮುಖ, ಹುಟ್ಟಿದ ದಿನ ಎರಡನ್ನೂ ತೋರಿಸಿದೆ. ಅದೂ ಆಗದಂತೆ. ಕೊನೆಗೆ ಹಟಕ್ಕೆ ಬಿದ್ದು ಆಧಾರ್ ಕಾರ್ಡನ್ನೇ ಮುಂದಿಟ್ಟೆ.

ಅದನ್ನು ನೋಡಿ ಅವನಿಗೆ ನಗು ಬಂತು. ಅವನ ಪರ್ಸಿನಲ್ಲೂ ಅದೇ ಕಾರ್ಡ್ ಇದ್ದಿರಬೇಕು. ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ, ಹುಟ್ಟಿದ ವರ್ಷ ಓದಿ, ನನ್ನ ಮುಖ ನೋಡಿ, ‘ನೀವೇ ಆಂಟಿ, ನನಗೇನೂ ಸಂಶಯವಿಲ್ಲ’ ಎಂದ. ಆಮೇಲೆ ತನ್ನ ಕೈಯಲ್ಲಿದ್ದ ಯಂತ್ರವನ್ನು ನನ್ನ ಕಡೆಗೆ ತಿರುಗಿಸಿದ. ಪರದೆಯ ಮೇಲೆ ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ಇನ್ನೊಂದು ವಯಸ್ಸಿನ ಕಾರ್ಡ್, ಅಷ್ಟೇ ಗುಂಡಿಗಳು. ನಾನು ಯಾರೆಂದು ಅವನಿಗೆ ಗೊತ್ತಾಗಿದೆ, ಆದರೆ ಗೊತ್ತಾಯಿತು ಎಂದು ಒತ್ತಲು ಅವನಿಗೊಂದು ಗುಂಡಿಯಿಲ್ಲ. ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ವ್ಯಾನ್ ಹತ್ತಿದ. ಪಕ್ಕದ ಮನೆಯವರ ಕೈಗೆ ಕೊಡು ಎಂದರೆ ಅದಕ್ಕೂ ಅಪ್ಪಣೆಯಿಲ್ಲವಂತೆ.

ಅವನ ಮೇಲೆ ನನಗೆ ಸಿಟ್ಟಿಲ್ಲ. ಆಯುಧಗಳ ಬಗ್ಗೆ ಇಲ್ಲಿ 2019ರಲ್ಲಿ ಒಂದು ಕಾಯ್ದೆ ಮಾಡಿದರು. ಆನ್‌ಲೈನ್‌ನಲ್ಲಿ ಕೊಂಡ ಚಾಕುವನ್ನು ಮನೆಗೆ ತಲುಪಿಸುವಾಗ ವಯಸ್ಸು ಪರೀಕ್ಷಿಸಬೇಕೆಂಬ ಭಾಗ 2022ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಹದಿನೆಂಟರ ಒಳಗಿನವರ ಕೈಗೆ ಕೊಟ್ಟರೆ ತಲುಪಿಸಿದವರೂ ಕಟಕಟೆ ಹತ್ತಬೇಕು. ಅಂಗಡಿಗೆ ಹೋಗಿದ್ದರೆ ಈ ರಾದ್ಧಾಂತವಿರುತ್ತಿರಲಿಲ್ಲ, ಬಿಡು. ಅಲ್ಲಿ ಇಪ್ಪತ್ತೈದಕ್ಕಿಂತ ಚಿಕ್ಕವರಂತೆ ಕಾಣುವವರನ್ನು ಮಾತ್ರ ತಡೆದು ಕೇಳುವ ರೂಢಿ, ನನ್ನ ಮುಖ ನೋಡಿಯೇ ಬಿಲ್ಲು ಹಾಕಿಬಿಡುತ್ತಿದ್ದರು. ಮನೆ ಬಾಗಿಲಿಗೆ ತರುವ ಈ ಕಂಪನಿ ಮಾತ್ರ ಮುಖದ ಲೆಕ್ಕವನ್ನೇ ಬಿಟ್ಟಿದೆ, ತೊಂಬತ್ತರ ಮುದುಕಿ ಬಂದರೂ ಕಾರ್ಡ್ ಬೇಕು.

ಕಾಯ್ದೆ ಬೇಡವೆಂದು ನಾನು ಹೇಳಲಾರೆ. ನಮಗೆ ಹತ್ತಿರದ ವುಲ್ವರ್‌ಹ್ಯಾಂಪ್ಟನ್‌ನಲ್ಲಿ 2022ರ ಜೂನ್ ತಿಂಗಳಲ್ಲಿ ರೋನನ್ ಕಂಡಾ ಎಂಬ 16 ವರ್ಷದ ಹುಡುಗನನ್ನು ಅವನ ಮನೆಯ ಸಮೀಪದಲ್ಲೇ ಕೊಂದರು. ಕೊಂದವರೂ ಅವನ ವಯಸ್ಸಿನ ಹುಡುಗರೇ, ಅದೂ ಬೇರೆ ಯಾರೋ ಎಂದು ತಿಳಿದು. ಕತ್ತಿಯನ್ನು ಆನ್‌ಲೈನ್‌ನಲ್ಲಿ ಕೊಂಡು, ತನ್ನ ತಾಯಿಯ ಗುರುತಿನ ದಾಖಲೆ ಬಳಸಿ ಒಬ್ಬ ಅದನ್ನು ಪಡೆದಿದ್ದನೆಂದು ಪತ್ರಿಕೆಗಳೆಲ್ಲ ಬರೆದವು. ಆ ಹುಡುಗನ ಮನೆಯವರು ಸುಮ್ಮನೆ ಕೂರದೆ ಹೋರಾಡಿದರು. ಈ ವರ್ಷ ಆಗಸ್ಟ್ 1ರಿಂದ ಇಲ್ಲಿ ನಿಂಜಾ ಕತ್ತಿಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧ. ಆದರೆ ಒಂದು ಮಾತನ್ನು ಗಮನಿಸು ಅಕ್ಕ. ಅಲ್ಲಿ ದಾಖಲೆ ಅಸಲಿಯೇ ಆಗಿತ್ತು, ತಂದವನು ಮಾತ್ರ ಬೇರೆ. ನನ್ನ ಬಾಗಿಲಲ್ಲಿ ನಿಂತವಳು ಅಸಲಿ, ದಾಖಲೆ ಇರಲಿಲ್ಲ. ಎರಡೂ ಕಡೆ ಎದುರಿಗೆ ನಿಂತ ಮನುಷ್ಯರನ್ನು ನೋಡುವ ಕೆಲಸ ಆಗಲಿಲ್ಲ. ಅಮ್ಮನ ಗೇಟಿನಲ್ಲಿ ಆದದ್ದೂ ಇದೇ ಅಲ್ಲವೇ? ಅಲ್ಲಿ ಎರಡು ಕಾರ್ಡ್ ಇದ್ದವಳಿಗೆ ನಂಬರ್ ಇಲ್ಲ, ಇಲ್ಲಿ ನನಗೆ ಅವರು ಒಪ್ಪುವ ಕಾರ್ಡ್ ಇಲ್ಲ.

ಇದರಲ್ಲಿ ಇನ್ನೊಂದು ವಿಚಿತ್ರವಿದೆ. ಈ ದೇಶದಲ್ಲಿ ಆಧಾರ್‌ನಂಥದ್ದು ಇಲ್ಲವೇ ಇಲ್ಲ. ಎರಡನೆಯ ಮಹಾಯುದ್ಧ ಶುರುವಾದಾಗ 1939ರಲ್ಲಿ ಎಲ್ಲರಿಗೂ ಗುರುತಿನ ಚೀಟಿ ಹಂಚಿದರು, 1952ರಲ್ಲಿ ತೆಗೆದುಹಾಕಿದರು. 2006ರಲ್ಲಿ ಮತ್ತೊಮ್ಮೆ ಕಾಯ್ದೆ ಮಾಡಿ, ಸರ್ಕಾರ ಬದಲಾದ ಮೇಲೆ 2010ರಲ್ಲಿ ಅದನ್ನೂ ರದ್ದು ಮಾಡಿದರು. ಗುರುತಿನ ಚೀಟಿ ಇಟ್ಟುಕೊಳ್ಳಬೇಕಾಗಿಲ್ಲ ಎನ್ನುವುದು ಇವರಿಗೊಂದು ಹೆಮ್ಮೆ. ಈ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಡಿಜಿಟಲ್ ಗುರುತು ತರುತ್ತೇವೆ ಎಂದದ್ದೇ ತಡ, ಕೆಲಸದ ಜಾಗದಲ್ಲೆಲ್ಲ ಅದೇ ಗಲಾಟೆ. ನನ್ನ ಜೊತೆಯವಳೊಬ್ಬಳು ‘ಸರ್ಕಾರ ನಮ್ಮ ಮೇಲೆ ಕಣ್ಣಿಡುತ್ತದೆ’ ಎಂದು ಅರ್ಧ ಗಂಟೆ ಭಾಷಣ ಮಾಡಿದಳು. ಮಾಡಲಿ. ಆದರೆ ಚೀಟಿ ಕೊಡದ ದೇಶದಲ್ಲಿ ಚೀಟಿ ಕೇಳುವವರಿಗೇನೂ ಬರವಿಲ್ಲ. ಬಾಡಿಗೆ ಮನೆಗೆ ಕೇಳುತ್ತಾರೆ, ಬ್ಯಾಂಕಿಗೆ ಕೇಳುತ್ತಾರೆ, 2023ರಿಂದ ಮತಗಟ್ಟೆಯಲ್ಲೂ ಕೇಳುತ್ತಾರೆ. ಕಾಮನ್‌ವೆಲ್ತ್ ದೇಶದವರೆಂದು ಇಲ್ಲಿ ನೆಲೆಸಿದ ನಮಗೂ ಮತದ ಹಕ್ಕಿದೆಯಲ್ಲ, ಅಲ್ಲಿ ಅವಧಿ ಮುಗಿದ ಪಾಸ್‌ಪೋರ್ಟ್ ಆದರೂ ಮುಖ ಹೋಲಿದರೆ ಸಾಕು. ಸರ್ಕಾರ ಬದಲಾಯಿಸಲು ಹೋದಾಗ ಮುಖ ನೋಡುತ್ತಾರೆ, ಕುಂಬಳಕಾಯಿ ಹೆಚ್ಚಲು ಹೊರಟರೆ ನೋಡುವುದಿಲ್ಲ.

ಗಾಡಿ ಓಡಿಸಲು ಬಾರದವರೂ ಇಲ್ಲಿ 34 ಪೌಂಡ್ ಕೊಟ್ಟು ಕಲಿಕೆಯ ಲೈಸೆನ್ಸ್ ಮಾಡಿಸಿಕೊಳ್ಳುತ್ತಾರೆ, ಜೇಬಿನಲ್ಲೊಂದು ಗುರುತಿರಲಿ ಎಂದು. ನಮ್ಮ ಪುಟ್ಟಿಯೂ ಮಾಡಿಸಿದ್ದಾಳೆ. ಬೇಸಿಗೆಯಲ್ಲಷ್ಟೇ ಅವಳಿಗೆ ಹದಿನೆಂಟು ತುಂಬಿತು ಎಂದು ನಿನಗೆ ಗೊತ್ತು. ಸೋಮವಾರ ನಾನು ಡ್ಯೂಟಿಯಲ್ಲಿದ್ದೆ, ಇವರು ಕವೆಂಟ್ರಿಗೆ ಹೋಗಿದ್ದರು. ಪೆಟ್ಟಿಗೆ ಮತ್ತೆ ಬಂತು. ಹಾಸಿಗೆಯಿಂದ ಆಗತಾನೇ ಎದ್ದ ಪುಟ್ಟಿ ಕಣ್ಣುಜ್ಜಿಕೊಳ್ಳುತ್ತ ಬಾಗಿಲು ತೆರೆದು, ಲೈಸೆನ್ಸ್ ಹಿಡಿದಳು, ಯಂತ್ರ ಟಿಣ್ ಎಂದಿತು, ಮುಗಿಯಿತು. ಚಾಕು ಅವಳ ಕೈಗೆ! ಮಕ್ಕಳ ಕೈಗೆ ಚಾಕು ಸಿಗಬಾರದೆಂದು ಮಾಡಿದ ಏರ್ಪಾಟಿನಲ್ಲಿ ತಾಯಿಗೆ ದಕ್ಕದ್ದು ಮಗಳಿಗೆ ದಕ್ಕಿತು. ಕಾಯ್ದೆಯ ಪ್ರಕಾರ ಎಲ್ಲವೂ ಸರಿಯಾಗಿಯೇ ಇದೆ, ಅದೇ ನನ್ನ ಸಂಕಟ. ‘ನಿನಗೆ ವಯಸ್ಸಾಗಿಲ್ಲವಂತಲ್ಲಮ್ಮ’ ಎಂದು ಎರಡು ದಿನ ಛೇಡಿಸಿದಳು. ಇವರೂ ಅವಳ ಜೊತೆ ಸೇರಿ ನಕ್ಕರು. ಹುಳಿಯಂತೂ ಚೆನ್ನಾಗಿ ಆಯಿತು.

ಇನ್ನು ಮೈಸೂರಿನ ವಿಷಯ. ನಿನ್ನ ಮಗನಿಗೆ ಹೇಳಿ ಅಮ್ಮನ ಮಾತ್ರೆಯ ವಿಳಾಸದ ಜೊತೆಗೆ ಅಮ್ಮನ ಮೊಬೈಲ್ ನಂಬರನ್ನೇ ಹಾಕಿಸು. ಹಣ ಅವನು ಕಟ್ಟಲಿ, ನಂಬರ್ ಅಮ್ಮನ ಕೈಗೆ ಬರಲಿ. ಪೊಟ್ಟಣ ಕಣ್ಣೆದುರು ಬಂದ ಮೇಲೆಯೇ ನಂಬರ್ ಹೇಳಬೇಕು, ಫೋನಿನಲ್ಲಿ ಯಾರು ಕೇಳಿದರೂ ಹೇಳಬಾರದು ಎಂದು ಅಮ್ಮನಿಗೆ ಒತ್ತಿ ಹೇಳು. ಗೇಟಿಗೆ ಬಂದವರಿಗೆಲ್ಲ ಆಧಾರ್ ತಂದು ತೋರಿಸುವ ಅವಳ ಅಭ್ಯಾಸ ನನಗೆ ಒಟಿಪಿಗಿಂತ ಹೆಚ್ಚಿನ ಚಿಂತೆ. ಪಾರ್ಸೆಲ್ ಕೊಡಲು ಆಧಾರ್ ಪ್ರತಿ ಯಾರಿಗೂ ಬೇಕಾಗಿಲ್ಲ. ಎಲ್ಲಾದರೂ ಪ್ರತಿ ಕೊಡಲೇಬೇಕಾದಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಿಗುತ್ತದೆ, ಭಾವನಿಗೆ ಹೇಳಿದರೆ ಡೌನ್‌ಲೋಡ್ ಮಾಡಿಕೊಡುತ್ತಾರೆ. ‘ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ, ವಿಡಿಯೊ ಕರೆಗೆ ಬನ್ನಿ’ ಎಂದು ಪೊಲೀಸರ ಸೋಗಿನಲ್ಲಿ ಹೆದರಿಸುವವರಿದ್ದಾರೆ. ವಿಡಿಯೊ ಕರೆಯಲ್ಲೇ ಬಂಧಿಸಿದ್ದೇವೆ ಎನ್ನುವ ಅವರ ಡಿಜಿಟಲ್ ಅರೆಸ್ಟ್ ಎಂಬುದು ಕಾನೂನಿನಲ್ಲೇ ಇಲ್ಲ. ಅಂಥ ಕರೆ ಬಂದರೆ ಕತ್ತರಿಸಿ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಆ ನಂಬರನ್ನು ದೊಡ್ಡದಾಗಿ ಬರೆದು ದೇವರಮನೆಯ ಪಕ್ಕದ ಕ್ಯಾಲೆಂಡರಿಗೆ ಅಂಟಿಸು, ಅಮ್ಮ ಅದನ್ನು ನೋಡದ ದಿನವಿಲ್ಲ.

ಸಂಕ್ರಾಂತಿಗೆ ಏನಾದರೂ ಕಳಿಸುತ್ತೇನೆ ಎಂದಿದ್ದೀಯ. ಸಾರಿನಪುಡಿ, ಚಟ್ನಿಪುಡಿ, ಹಪ್ಪಳ ಕಳಿಸು, ತುಪ್ಪ ಬೇಡ. ಉಡುಗೊರೆ ಎಂದು ನಮೂದಿಸಿ ಬೆಲೆಯನ್ನು ಸರಿಯಾಗಿ ಬರೆ. 39 ಪೌಂಡಿನ ಒಳಗಿದ್ದರೆ ಇಲ್ಲಿ ತೆರಿಗೆಯಿಲ್ಲ. ನಿನ್ನ ಗುರುತಿನ ಚೀಟಿಯ ಪ್ರತಿಯನ್ನೂ ಜೊತೆಗೇ ಒಯ್ಯಿ, ವಿದೇಶಕ್ಕೆಂದರೆ ಅಲ್ಲಿಯೂ ಕೇಳುತ್ತಾರೆ. ಮುಖ್ಯವಾಗಿ ಪಾರ್ಸೆಲ್ ಮೇಲೆ ಮನೆಯಲ್ಲಿ ಕರೆಯುವ ಹೆಸರನ್ನು ಬರೆಯಬೇಡ. ಹೋದ ಸಲ ನೀನು ‘ಚಿನ್ನು’ ಎಂದು ಬರೆದಿದ್ದೆ. ನಾವು ಮನೆಯಲ್ಲಿರದೆ ಅದು ಡಿಪೋಗೆ ಹೋಯಿತು, ಆ ಹೆಸರಿನ ದಾಖಲೆ ತನ್ನಿ ಎಂದು ಕೌಂಟರಿನವನು ಪಟ್ಟು ಹಿಡಿದ. ಚಿನ್ನು ಎಂದರೆ ನಾನೇ ಎಂದು ನಲವತ್ತಾರನೆಯ ವಯಸ್ಸಿನಲ್ಲಿ, ಹಿಂದೆ ಸಾಲಿನಲ್ಲಿ ನಿಂತವರೆಲ್ಲ ಕೇಳುವಂತೆ, ಮ್ಯಾನೇಜರ್ ಬರುವವರೆಗೂ ಹೇಳುತ್ತಲೇ ಇದ್ದೆ. ಈ ಸಲ ಪಾಸ್‌ಪೋರ್ಟಿನಲ್ಲಿ ಇರುವಂತೆ ಅಪ್ಪನ ಹೆಸರನ್ನೂ ಸೇರಿಸಿ ಪೂರ್ತಿ ಬರೆ, ಇನಿಷಿಯಲ್ ಸಾಲದು.

ಭಾವನಿಗೆ ನಮಸ್ಕಾರ ತಿಳಿಸು. ಅಮ್ಮನ ಮಂಡಿನೋವಿಗೆ ಡಾಕ್ಟರು ಏನೆಂದರು ಎಂದು ಬರೆ.

ಇಂತಿ ನಿನ್ನ ತಂಗಿ